ಪೌಂಡಿನ ಗುರುತು, ವರ್ಗದ ಎರಡು ಮತ್ತು ಪ್ರಶ್ನಾರ್ಥಕ ಚಿಹ್ನೆ

ಸಾಗರ ಸೀಮೆಯ ಒಂದು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ‘ವೆಬ್ ವಿನ್ಯಾಸ ಮತ್ತು ಪ್ರಕಟಣೆ’ ಎಂಬ ಆರಂಭಿಕ ಐಚ್ಛಿಕ ಪತ್ರಿಕೆಯನ್ನು ನಾನು ಕಲಿಸುತ್ತೇನೆ. ಇದನ್ನು ಆರಿಸಿಕೊಳ್ಳುವವರಲ್ಲಿ ಕಂಪ್ಯೂಟರ್ ವಿಜ್ಞಾನದವರು ಇಲ್ಲವೆಂದೇ ಹೇಳಬೇಕು. ಬರುವವರೆಲ್ಲ ಇತಿಹಾಸ, ಪತ್ರಿಕೋದ್ಯಮ, ಕನ್ನಡ, ವಾಣಿಜ್ಯ ಓದುವ ಮಕ್ಕಳು. ಮೊಬೈಲಿನಲ್ಲಿ ಅವರಿಗೆ ತಿಳಿಯದ್ದಿಲ್ಲ, ಆದರೆ ಉಳಿಸಿದ ಫೈಲು ಯಾವ ಫೋಲ್ಡರಿನಲ್ಲಿದೆ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಪಠ್ಯಕ್ರಮವು ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಟ್ಯಾಗುಗಳಿಂದ ಹೊರಟು, ಅದರ ಬಣ್ಣ, ಅಂತರಗಳನ್ನು ಹೇಳುವ ಸಿಎಸ್‌ಎಸ್ ದಾಟಿ, ಕಟ್ಟಕಡೆಯ ಘಟಕದಲ್ಲಿ ಪ್ರಕಟಣೆಗೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತ ಬಂದಿರುವುದರಿಂದ ಡೊಮೈನ್, ಹೋಸ್ಟಿಂಗ್, ಎಫ್‌ಟಿಪಿ ಎಂಬುವೆಲ್ಲ ಎರಡು ಅಂಕದ ಪ್ರಶ್ನೆಗಳಿಗೆ ಬೇಕಾದ ವ್ಯಾಖ್ಯೆಗಳಾಗಿ ನೋಟ್‌ಪುಸ್ತಕ ಸೇರಿಕೊಳ್ಳುತ್ತವೆ. ಈ ಅನುಕ್ರಮ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬರೆದದ್ದು ತನ್ನ ಯಂತ್ರವನ್ನು ಬಿಟ್ಟು ಇನ್ನೊಬ್ಬರ ಕಣ್ಣಿಗೆ ಬೀಳುವ ತನಕ ವಿನ್ಯಾಸದ ಯಾವ ಪಾಠವೂ ವಿದ್ಯಾರ್ಥಿಗೆ ತಟ್ಟುವುದಿಲ್ಲ. ಹೀಗಾಗಿ ಹತ್ತು ಟ್ಯಾಗು ಕಲಿತ ಕೂಡಲೇ ಪುಟವನ್ನು ಹೊರಗಿಡಿಸುವುದು ನನ್ನ ಪದ್ಧತಿ. ಕಳೆದ ಸಲ ಹಾಗೆ ಹೊರಗಿಟ್ಟ ದಿನದ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲಿನ ತರಗತಿಯಲ್ಲಿ, ಪ್ರತಿ ವರ್ಷದಂತೆ, ಜಗತ್ತಿನ ಮೊದಲ ಜಾಲತಾಣವನ್ನು ಪರದೆಯ ಮೇಲೆ ತೋರಿಸಿದ್ದೆ. ಟಿಮ್ ಬರ್ನರ್ಸ್ ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಮುಂದಿಟ್ಟ ಪ್ರಸ್ತಾವದಿಂದ ಹುಟ್ಟಿದ ಆ ಪುಟದಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಬರೀ ಪಠ್ಯ, ನಡುನಡುವೆ ಕೊಂಡಿಗಳು. ‘ಇಷ್ಟೇನಾ ಮೇಡಂ?’ ಎಂಬ ಉದ್ಗಾರ ಎಲ್ಲ ವರ್ಷವೂ ಒಂದೇ ತೆರನಾಗಿ ಬರುತ್ತದೆ. ಅದೇ ಪುಟವನ್ನು ಅವರವರ ಮೊಬೈಲಿನಲ್ಲಿ ತೆರೆಸಿ, ಅಂದಿನ ಪಠ್ಯ ಇಂದಿನ ಯಂತ್ರದಲ್ಲೂ ಅಡ್ಡಿಯಿಲ್ಲದೆ ಓದಿಸಿಕೊಳ್ಳುವುದನ್ನು ತೋರಿಸುತ್ತೇನೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಿದ್ದರಿಂದಲೇ ನಮ್ಮಂಥವರು ಯಾರ ಅಪ್ಪಣೆಯನ್ನೂ ಕೇಳದೆ ಪುಟ ಪ್ರಕಟಿಸಬಹುದಾಗಿದೆ ಎಂಬ ಮಾತನ್ನೂ ಸೇರಿಸುತ್ತೇನೆ. ಇದಕ್ಕಿಂತ ಹೆಚ್ಚಿನ ಇತಿಹಾಸವನ್ನು ಈ ಪತ್ರಿಕೆಯಲ್ಲಿ ಹೇಳುವುದು ಕಾಲಹರಣ.

ಪುಟದ ವಿಷಯವನ್ನು ಅವರವರಿಗೇ ಬಿಟ್ಟಿದ್ದೆ, ಆದರೆ ಎರಡು ಕಟ್ಟಳೆ ಹಾಕಿದ್ದೆ: ಬರಹ ಕನ್ನಡದಲ್ಲಿರಬೇಕು, ಮತ್ತು ತಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಕಂಡದ್ದನ್ನೇ ಬರೆಯಬೇಕು. ಹೊಸನಗರದ ಕಡೆಯ ಅಡಿಕೆ ಬೆಳೆಗಾರರ ಮನೆಯ ಹುಡುಗನೊಬ್ಬ ಅಡಿಕೆಯ ದರ್ಜೆಗಳನ್ನು ಕುರಿತು ಬರೆದ. ದೀವರ ಮನೆತನದ ಹುಡುಗಿಯೊಬ್ಬಳು ತನ್ನ ಅಜ್ಜಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಆರಿಸಿಕೊಂಡಳು. ಉಳಿದವರಲ್ಲಿ ಜಾತ್ರೆ, ದೇವಸ್ಥಾನ, ಜಲಪಾತಗಳದ್ದೇ ಮೇಲುಗೈ. ಜೋಗದ ಬಗ್ಗೆ ಒಂದೇ ಲೇಖನ ಹಲವು ಹೆಸರುಗಳಲ್ಲಿ ಬಂದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮ ಲ್ಯಾಬಿನ ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದಕ್ಕೆ ಲ್ಯಾಬ್ ಸಹಾಯಕರು ವಿಂಡೋಸಿನ ಬದಲು ಲಿನಕ್ಸ್ ಹಾಕಿ, ಕೇಳಿದವರಿಗೆ ಪುಟಗಳನ್ನು ಕಳಿಸಿಕೊಡುವ ಅಪಾಚೆ ತಂತ್ರಾಂಶವನ್ನು ಕೂಡಿಸಿ, ಅದನ್ನೇ ಸರ್ವರ್ ಮಾಡಿಕೊಟ್ಟಿದ್ದಾರೆ. ಮೊದಲು ಪುಟಗಳು ಅಲ್ಲಿಗೆ ಹೋಗಬೇಕು. ಅಲ್ಲಿ ಸರಿಬಂದ ಮೇಲೆ ಗಿಟ್‌ಹಬ್ ಪೇಜಸ್‌ನಂಥ ಉಚಿತ ತಾಣಕ್ಕೆ ಏರಿಸಬಹುದು. ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ತಮ್ಮ ತಮ್ಮ ಫೋಲ್ಡರನ್ನು ಸರ್ವರಿಗೆ ಕಳಿಸಿದರು. ಹತ್ತೂವರೆಯ ಹೊತ್ತಿಗೆ ಲ್ಯಾಬಿನಲ್ಲಿ ಗದ್ದಲವೋ ಗದ್ದಲ. ಅವರವರ ಯಂತ್ರದಲ್ಲಿ ಮುದ್ದಾಗಿ ಕಂಡ ಪುಟಗಳು ಸರ್ವರಿನಿಂದ ಮರಳಿ ಬರುವಾಗ ಗುರುತೇ ಸಿಗದಂತಾಗಿದ್ದವು.

ಚಿತ್ರಗಳ ರಗಳೆ ಸಣ್ಣದು, ಬೇಗ ಮುಗಿಯಿತು. ಕ್ಯಾಮೆರಾ ಕೊಟ್ಟ ಫೈಲಿನ ಹೆಸರಿನ ಬಾಲ ದೊಡ್ಡಕ್ಷರದಲ್ಲಿತ್ತು, ಪುಟದೊಳಗೆ ಇವರು ಸಣ್ಣಕ್ಷರದಲ್ಲಿ ಬರೆದಿದ್ದರು. ವಿಂಡೋಸ್ ಇವೆರಡನ್ನೂ ಒಂದೇ ಎಂದು ತಿಳಿಯುತ್ತದೆ. ಲಿನಕ್ಸ್ ಬೇರೆ ಬೇರೆ ಎಂದು ತಿಳಿಯುತ್ತದೆ. ಇನ್ನು ಕೆಲವರು ಚಿತ್ರದ ವಿಳಾಸವಾಗಿ ತಮ್ಮ ಯಂತ್ರದ ಡೆಸ್ಕ್‌ಟಾಪಿನ ದಾರಿಯನ್ನೇ ಬರೆದುಬಿಟ್ಟಿದ್ದರು. ಇವನ್ನು ತಿದ್ದುವುದಕ್ಕೆ ಶ್ರಮವೇನೂ ಬೇಕಾಗಲಿಲ್ಲ.

ಅಕ್ಷರಗಳ ಕತೆ ಹಾಗಲ್ಲ. ಪುಟಗಳು ಕೆಟ್ಟದ್ದು ಒಂದೇ ಬಗೆಯಲ್ಲಿ ಎಂದು ಮಕ್ಕಳು ಭಾವಿಸಿದ್ದರು. ಹತ್ತಿರ ಹೋಗಿ ನೋಡಿದರೆ ಮೂರು ಬಗೆ ಇದ್ದವು. ಅಡಿಕೆಯ ಹುಡುಗನ ಪುಟದ ತುಂಬ ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳು, ತಲೆಯ ಮೇಲೆ ಗೀರಿದ್ದ ಎ ಅಕ್ಷರಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು. ಹಸೆ ಚಿತ್ತಾರದವಳ ಪುಟದಲ್ಲಿ ಗೀರಿನ ಎ ಅಕ್ಷರವೇ ಮತ್ತೆ ಮತ್ತೆ ಬಂದು ಪ್ರತಿಯೊಂದರ ಭುಜದ ಮೇಲೂ ಸಣ್ಣದೊಂದು ಎರಡೋ ಮೂರೋ ಕೂತಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬನ ಪುಟದಲ್ಲಿ ಅದೂ ಇಲ್ಲ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ. ಅಂದಿನ ಪಾಠವನ್ನು ಬದಿಗಿಟ್ಟು, ಈ ಮೂರು ಪುಟಗಳನ್ನು ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಹಾಕಿ, ವ್ಯತ್ಯಾಸವೇನೆಂದು ಹೇಳಲು ತರಗತಿಗೇ ಬಿಟ್ಟೆ.

ಚಿತ್ತಾರದ ಪುಟದ ಗುಟ್ಟನ್ನು ಮೊದಲು ಹಿಡಿದವನು ಬಿಕಾಂ ಓದುವ ಹುಡುಗ. ‘ಮೇಡಂ, ಇದರಲ್ಲಿ ಲೆಕ್ಕ ಇದೆ. ಪ್ರತಿಸಲ ಮೊದಲು ಅದೇ ಎ, ಆಮೇಲೆ ವರ್ಗದ ಎರಡು ಇಲ್ಲ ಘನದ ಮೂರು, ಅದಾದಮೇಲೆ ಮಾತ್ರ ಬೇರೆ ಬೇರೆ’ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಅಲ್ಲಿನ ಒಂದೊಂದು ಸ್ಥಾನಕ್ಕೂ ಮೂರು ಬೈಟುಗಳು ಬೇಕು; ಮೊದಲನೆಯದು ಯಾವಾಗಲೂ 224, ಎರಡನೆಯದು ವಿಭಾಗದ ಮೊದಲರ್ಧಕ್ಕೆ 178, ಉಳಿದರ್ಧಕ್ಕೆ 179. ಪಶ್ಚಿಮ ಯೂರೋಪಿನ ಹಳೆಯ ಸಂಕೇತಪಟ್ಟಿಯಲ್ಲಿ 224 ಎಂದರೆ ಗೀರಿನ ಎ, 178 ಎಂದರೆ ವರ್ಗದ ಎರಡು, 179 ಎಂದರೆ ಘನದ ಮೂರು. ಸ್ವರಗಳೂ ವ್ಯಂಜನಗಳೂ ಮೊದಲರ್ಧದಲ್ಲಿ ಬರುವುದರಿಂದ ಎರಡನ್ನು ಹೊತ್ತಿದ್ದವು. ಉಕಾರ, ಎಕಾರ, ಒಕಾರದ ಚಿಹ್ನೆಗಳೂ ಒತ್ತಕ್ಷರ ಮಾಡುವ ವಿರಾಮವೂ ಎರಡನೆಯ ಅರ್ಧದಲ್ಲಿ ಬರುವುದರಿಂದ ಮೂರನ್ನು ಹೊತ್ತಿದ್ದವು. ಅಂದರೆ ಅವಳ ಕನ್ನಡ ಎಲ್ಲಿಯೂ ಹೋಗಿರಲಿಲ್ಲ. ಒಂದು ಬೈಟೂ ಕಳೆಯದೆ ಸರ್ವರನ್ನು ತಲುಪಿತ್ತು. ಇದು ಯುಟಿಎಫ್-8 ಎಂದು ಓದುವ ಬ್ರೌಸರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಯಂತ್ರದೊಳಗಿನ ಫೈಲನ್ನು ನೇರವಾಗಿ ತೆರೆದಾಗ ನಮ್ಮ ಬ್ರೌಸರ್ ತಾನೇ ಊಹಿಸಿ ಸರಿಯಾಗಿ ತೋರಿಸಿತ್ತು. ಸರ್ವರಿನಿಂದ ಬಂದಾಗ ಆ ಊಹೆಗೆ ಹೋಗದೆ ಹಳೆಯ ಪಟ್ಟಿಯನ್ನು ಹಿಡಿದಿತ್ತು. ಪುಟದ ಶಿರೋಭಾಗದಲ್ಲಿ, ಮೊದಲ 1024 ಬೈಟುಗಳೊಳಗೆ, ಅಕ್ಷರಸಂಕೇತವನ್ನು ತಿಳಿಸುವ ಮೆಟಾ ಟ್ಯಾಗಿನ ಸಾಲೊಂದನ್ನು ಬರೆದು ಮತ್ತೆ ಕಳಿಸಿದ್ದೇ ತಡ, ಅಜ್ಜಿಯ ಚಿತ್ತಾರ ಕನ್ನಡಕ್ಕೆ ಬಂತು. ಹುಡುಗಿಗಿಂತ ಆ ಬಿಕಾಂ ಹುಡುಗನೇ ಹೆಚ್ಚು ಹಿಗ್ಗಿದ.

ಪ್ರಶ್ನಾರ್ಥಕ ಚಿಹ್ನೆಗಳ ಪುಟಕ್ಕೆ ಅಂಥ ಅದೃಷ್ಟವಿರಲಿಲ್ಲ. ನಮ್ಮ ಲ್ಯಾಬಿನ ಹಳೆಯ ನೋಟ್‌ಪ್ಯಾಡ್ ಏನೂ ಹೇಳದಿದ್ದರೆ ‘ಆನ್ಸಿ’ ಎಂಬ ಸಂಕೇತದಲ್ಲಿ ಉಳಿಸುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ್ದರಿಂದ ಒಂದೊಂದು ಅಕ್ಷರವನ್ನೂ ಅಳಿಸಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಹಾಗೆ ಮಾಡುವ ಮೊದಲು ಎಚ್ಚರಿಕೆಯ ಕಿಟಕಿಯೊಂದನ್ನು ತೋರಿಸುವುದೂ ಉಂಟು. ಅದನ್ನು ಓದುವವರು ಯಾರು? ಇಲ್ಲಿ ಮೆಟಾ ಟ್ಯಾಗಿನಿಂದ ಪ್ರಯೋಜನವಿಲ್ಲ, ಏಕೆಂದರೆ ಓದಲು ಏನೂ ಉಳಿದಿಲ್ಲ. ಅವನ ಪುಣ್ಯಕ್ಕೆ ಮೂಲ ಬರಹ ಮೊಬೈಲಿನಲ್ಲಿತ್ತು.

ಅಡಿಕೆಯ ಪುಟದ ಸಮಸ್ಯೆ ಎಲ್ಲಕ್ಕಿಂತ ಆಳದ್ದು, ನನಗೆ ಮುಖ್ಯವಾಗಿ ಹೇಳಬೇಕೆನಿಸಿದ್ದೂ ಅದೇ. ಹುಡುಗ ತನ್ನ ಬರಹವನ್ನು ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ, ಪೆನ್‌ಡ್ರೈವಿನಲ್ಲಿ ತಂದಿದ್ದ. ಅಲ್ಲಿ ಬಳಸಿದ್ದು ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಆವೃತ್ತಿ. ಲ್ಯಾಬಿನ ಯಂತ್ರದಲ್ಲಿ ಆ ಫಾಂಟು ಇದ್ದುದರಿಂದಲೂ ಪುಟದಲ್ಲಿ ಅದರ ಹೆಸರನ್ನು ಬರೆದಿದ್ದರಿಂದಲೂ ಅವನಿಗೆ ಎಲ್ಲ ಚೆನ್ನಾಗಿ ಕಂಡಿತ್ತು. ಫಾಂಟಿಲ್ಲದ ಯಂತ್ರಗಳಲ್ಲಿ, ಮೊಬೈಲಿನಲ್ಲಿ ಪೌಂಡಿನ ಗುರುತು. ಈ ಪದ್ಧತಿಯನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕಂಪ್ಯೂಟರುಗಳಲ್ಲಿ ಯೂನಿಕೋಡ್ ಕನ್ನಡ ಇನ್ನೂ ನೆಲೆಯೂರಿರದ ಕಾಲದಲ್ಲಿ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿಯೇ ಕನ್ನಡದ ಕಚೇರಿಗಳೂ ಮುದ್ರಣಾಲಯಗಳೂ ನಡೆದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕೈಗೆ ಹತ್ತಿದ್ದೂ ಎಷ್ಟೋ ಜನರಿಗೆ ಇದೇ ತಂತ್ರಾಂಶಗಳ ಮೂಲಕ. ಈಗಿನ ನುಡಿಯಲ್ಲಿ ಯೂನಿಕೋಡ್ ಇದೆ. ಅಂಗಡಿಯವರ ರೂಢಿ ಬದಲಾಗಿಲ್ಲ. ಕಾಗದದ ಮೇಲೆ ಅಚ್ಚಾಗುವವರೆಗೆ ಅದರಿಂದ ತೊಂದರೆಯೂ ಇಲ್ಲ.

ವೆಬ್‌ನಲ್ಲಿ ತೊಂದರೆ ಏನೆಂಬುದನ್ನು ತೋರಿಸಲು, ಫಾಂಟು ಇದ್ದ ಯಂತ್ರದಲ್ಲೇ ಆ ಪುಟವನ್ನು ತೆರೆದು ಅಡಿಕೆಯ ಒಂದು ದರ್ಜೆಯಾದ ‘ರಾಶಿ’ಯನ್ನು ಹುಡುಕಿಸಿದೆ. ಕಣ್ಣೆದುರಿಗೇ ರಾಶಿ ಎಂಬ ಪದ ನಾಲ್ಕಾರು ಕಡೆ ಇತ್ತು. ಬ್ರೌಸರ್ ಒಂದೂ ಇಲ್ಲವೆಂದಿತು. ಅದಕ್ಕಿಂತ ಬಲವಾದ ಸಾಕ್ಷ್ಯ ತರಗತಿಯಲ್ಲೇ ದೊರೆಯಿತು. ನಮ್ಮಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿದ್ದಾನೆ. ಪರದೆಯ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಅವನು ಬಳಸುತ್ತಾನೆ. 2006ರಲ್ಲಿ ಆರಂಭವಾದ ಅದನ್ನು ಬೆಳೆಸಿದ ಆಸ್ಟ್ರೇಲಿಯಾದ ಇಬ್ಬರೂ ಕಣ್ಣಿಲ್ಲದವರೇ. ಅಡಿಕೆಯ ಪುಟವನ್ನು ಅವನ ಯಂತ್ರದಲ್ಲಿ ತೆರೆದಾಗ ಅದು ಇಂಗ್ಲಿಷ್ ಅಕ್ಷರಗಳನ್ನೂ ‘ಪೌಂಡ್’ ಎಂಬುದನ್ನೂ ಒದರುತ್ತಾ ಹೋಯಿತು. ‘ಇದು ಅಡಿಕೆ ರೇಟಾ, ಇಂಗ್ಲೆಂಡಿನ ರೇಟಾ?’ ಎಂದು ಅವನು ಕೇಳಿದಾಗ ಲ್ಯಾಬೆಲ್ಲ ನಕ್ಕಿತು. ಅಡಿಕೆಯ ಹುಡುಗನೂ ನಕ್ಕ. ನೋಡಲು ಕನ್ನಡದಂತಿರುವುದಕ್ಕೂ ಯಂತ್ರದ ಲೆಕ್ಕದಲ್ಲಿ ಕನ್ನಡವಾಗಿರುವುದಕ್ಕೂ ಇರುವ ದೂರವನ್ನು ನಾನು ಒಂದು ಗಂಟೆ ಉಪನ್ಯಾಸ ಕೊಟ್ಟಿದ್ದರೂ ಅಷ್ಟು ಚೆನ್ನಾಗಿ ತೋರಿಸಲಾಗುತ್ತಿರಲಿಲ್ಲ.

ಪರಿವರ್ತಕದ ಮೂಲಕ ಬರಹವನ್ನು ಯೂನಿಕೋಡಿಗೆ ತಂದದ್ದಾಯಿತು. ಆದರೆ ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಿಡಬೇಕಾಯಿತು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಗುರುತು ಬರುವುದು ಅಕ್ಷರದ ನಂತರ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು. ‘ಖರ್ಚು’ ಸರಿಯಾಗಿ ಬಂದರೆ ‘ವರ್ಗೀಕರಣ’ ಕೆಡುತ್ತಿತ್ತು. ಹುಡುಗ ಊಟದ ಬಿಡುವಿನಲ್ಲೂ ಎದ್ದುಹೋಗದೆ ಸಾಲುಸಾಲಾಗಿ ತಿದ್ದಿದ.

ಮಧ್ಯಾಹ್ನದ ಮೇಲೆ ವಿನ್ಯಾಸದ ಮಾತು ಬಂತು. ಚಿತ್ತಾರದ ಹುಡುಗಿ ಎಲ್ಲಿಂದಲೋ ತಂದ ಸಿದ್ಧ ಮಾದರಿಯೊಂದರಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ತಿಳಿಹಳದಿ ಶೀರ್ಷಿಕೆ ಬರೆದಿದ್ದಳು. ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ, ಶೀರ್ಷಿಕೆಯಂಥ ದೊಡ್ಡ ಅಕ್ಷರಗಳಿಗೆ 3ಕ್ಕೆ 1ರ ವ್ಯತ್ಯಾಸವಿರಬೇಕೆಂದು ವೆಬ್‌ನ ಸುಲಭಲಭ್ಯತೆಯ ಮಾರ್ಗಸೂಚಿ ಹೇಳುತ್ತದೆ. ಬ್ರೌಸರಿನ ಪರಿಶೀಲನಾ ಕಿಟಕಿಯಲ್ಲಿ ನೋಡಿದರೆ ಅವಳದು 2ಕ್ಕೆ 1ನ್ನೂ ಮುಟ್ಟಿರಲಿಲ್ಲ. ನಿಮ್ಮಜ್ಜಿ ಯಾವುದರ ಮೇಲೆ ಯಾವ ಬಣ್ಣ ಹಾಕುತ್ತಾರೆ ಎಂದು ಕೇಳಿದೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು ಎಂದು ಅವಳು ಒಂದೇ ಉಸುರಿಗೆ ಹೇಳಿ, ತಾನೇ ತೆಗೆದ ಫೋಟೋದಿಂದ ಗೋಡೆಯ ಬಣ್ಣವನ್ನು ಎತ್ತಿ ಹಿನ್ನೆಲೆಗಿಟ್ಟು, ಅಕ್ಷರಗಳನ್ನು ಬಿಳಿ ಮಾಡಿದಳು. ಅಳತೆ ಸಲೀಸಾಗಿ ದಾಟಿತು. ಆ ಮಾದರಿಯ ಇನ್ನೊಂದು ಕಾಟವೆಂದರೆ ಸಾಲುಗಳ ನಡುವಿನ ಅಂತರ. ಒತ್ತಕ್ಷರವಿಲ್ಲದ ಲಿಪಿಗೆಂದು ಬಿಗಿಯಾಗಿ ಕಟ್ಟಿದ ಶೀರ್ಷಿಕೆಯಲ್ಲಿ ‘ಚಿತ್ತಾರ’ದ ತಾವತ್ತು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತಿತ್ತು. ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಮಾಡಿದ ಮೇಲೆ ಎರಡೂ ಉಸಿರಾಡಿದವು.

ಚಿತ್ರ ಕಾಣದವರಿಗಾಗಿ ಅದರ ಜೊತೆ ಬರೆಯುವ ಪರ್ಯಾಯ ಪಠ್ಯವಾಗಿ ಅವಳು ‘ಹಸೆ ಚಿತ್ತಾರದ ಚಿತ್ರ’ ಎಂದಷ್ಟೇ ಬರೆದಿದ್ದಳು. ಎನ್‌ವಿಡಿಎ ಅದನ್ನು ಓದಿದಾಗ, ‘ಅದು ಗೊತ್ತಾಯ್ತಲ್ಲ ಮಾರಾಯ್ತಿ, ಅದರಲ್ಲಿ ಏನಿದೆ?’ ಎಂದು ಕಣ್ಣು ಕಾಣದ ಆ ಗೆಳೆಯ ಕೇಳಿದ. ಆಮೇಲೆ ಅವಳು ಹೇಳುವುದು, ಅವನು ಕೇಳುವುದು, ಅವಳು ತಿದ್ದಿ ಬರೆಯುವುದು ಬಹಳ ಹೊತ್ತು ನಡೆಯಿತು. ನಾನು ಅವರ ಗೊಡವೆಗೆ ಹೋಗಲಿಲ್ಲ. ಪಠ್ಯಕ್ರಮದಲ್ಲಿ ಈ ವಿಷಯಕ್ಕಿರುವುದು ಅರ್ಧ ಸಾಲು.

ಮೂರೂವರೆಗೆ ಅಡಿಕೆಯ ಪುಟ ಗಿಟ್‌ಹಬ್‌ಗೆ ಏರಿತು. ಹುಡುಗ ಕೊಂಡಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ಅವನ ಅಪ್ಪಯ್ಯನ ಕರೆ ಬಂತು. ಮಗನನ್ನು ಹೊಗಳಲು ಮಾಡಿದ ಕರೆಯಲ್ಲ ಅದು. ಕೋಷ್ಟಕದಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬರೆದಿದ್ದೀಯಲ್ಲ, ಎಲ್ಲಕ್ಕಿಂತ ಹೆಚ್ಚು ದರವಿರುವ ಸರಕನ್ನು ಕೊನೆಗೆ ತಳ್ಳಿ, ಕಡಿಮೆ ದರದ ಗೊರಬಲನ್ನು ಅದರ ಮೇಲೆ ಕೂರಿಸಿದ್ದನ್ನು ಮಂಡಿಯವರು ನೋಡಿದರೆ ಏನೆಂದಾರು ಎಂಬುದು ಅವರ ಆಕ್ಷೇಪ. ಹುಡುಗ ಅಲ್ಲೇ ಕೂತು ಸಾಲುಗಳನ್ನು ಅದಲುಬದಲು ಮಾಡಿ ಮತ್ತೆ ಏರಿಸಿದ. ‘ಹಳೇದೇ ಕಾಣ್ತಾ ಉಂಟಲ್ಲ’ ಎಂದು ಅಪ್ಪಯ್ಯ ಮತ್ತೆ ಕರೆ ಮಾಡಿದರು. ಬ್ರೌಸರ್ ಹಳೆಯ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ ಎಂದು ಅವನು ಫೋನಿನಲ್ಲಿ ವಿವರಿಸುತ್ತಿದ್ದಾಗ ಲ್ಯಾಬ್ ಸಹಾಯಕರು ಬೀಗದ ಕೈ ಹಿಡಿದು ಬಾಗಿಲ ಬಳಿ ಬಂದು ನಿಂತಿದ್ದರು. ಹೀಗೆ ಪ್ರತಿ ಇಟ್ಟುಕೊಳ್ಳುವ ‘ಕ್ಯಾಶ್’ ಎಂಬುದರ ಪಾಠವನ್ನು ಮರುದಿನಕ್ಕೆ ಇಟ್ಟುಕೊಂಡೆ.