ಎಣಿಕೆಯ ತಪ್ಪು, ರುಚಿಯ ಮಾತು

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಯ ಪಡಸಾಲೆಗೆ ಮೊದಲ ಸಲ ಬರುವವರು ಯಾರೇ ಆಗಲಿ, ಚಪ್ಪಲಿ ಬಿಡುತ್ತಲೇ ಹೇಳುವ ಮಾತು ಒಂದೇ: ‘ನನಗೇನೂ ಬರೂದಿಲ್ರಿ, ಸುಮ್ಮನ ನೋಡಿ ಹೋಗಾಕ ಬಂದೀನಿ.’ ಧಾರವಾಡದಲ್ಲಿ ಈ ಗುಂಪನ್ನು ನಡೆಸಲು ತೊಡಗಿ ಆರು ವರ್ಷವಾಯಿತು. ಕಸೂತಿ ಹಾಕುವವರು, ಚಿತ್ರ ಬರೆಯುವವರು, ಹಳೆಯ ಹಾಡುಗಳನ್ನು ನೆನಪಿಸಿಕೊಂಡು ಬರೆದಿಡುವವರು ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಹೆಚ್ಚಿನವರು ಐವತ್ತು ದಾಟಿದವರು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಚಹಾದ ಪುಡಿ, ಸಕ್ಕರೆಯನ್ನು ಸರದಿಯ ಮೇಲೆ ತರುತ್ತಾರೆ.

ಮೊದಲ ವರ್ಷ ನಾನು ಎಲ್ಲರನ್ನೂ ಕೇಳುತ್ತಿದ್ದುದು ‘ನಿಮಗೆ ಯಾವ ಕಲೆಯಲ್ಲಿ ಆಸಕ್ತಿ?’ ಎಂದು. ಆ ಪ್ರಶ್ನೆಗೆ ಬರುತ್ತಿದ್ದ ಉತ್ತರ ಮೌನ, ಇಲ್ಲವೇ ಮಕ್ಕಳ ಸಾಧನೆಯ ವರ್ಣನೆ. ಪ್ರಶ್ನೆಯೇ ತಪ್ಪು ಎಂದು ತಿಳಿದದ್ದು ಅರವತ್ತು ದಾಟಿದ ಒಬ್ಬ ಆಯಿಯವರಿಂದ. ನೆಲ ಒರೆಸಿ ಒಣಗುವುದನ್ನು ಕಾಯುತ್ತಿದ್ದೆವು. ಅವರು ಮೂಲೆಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಎತ್ತಿಕೊಂಡು, ಮಾತನಾಡುತ್ತ ಮಾತನಾಡುತ್ತಲೇ, ಚುಕ್ಕಿ ಇಟ್ಟು ಗೆರೆ ಸುತ್ತಿ, ಕೈ ಎತ್ತದೆ ಒಂದು ರಂಗೋಲಿಯನ್ನು ಮುಗಿಸಿಬಿಟ್ಟರು. ಒಂದು ಚುಕ್ಕಿಯೂ ಹೊರಗುಳಿದಿರಲಿಲ್ಲ. ‘ಏನೂ ಬರೂದಿಲ್ಲ ಅಂದಿದ್ರಿ?’ ಎಂದು ಕೇಳಿದ್ದಕ್ಕೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, ‘ಅದೇನ್ ಕಲಾ ಅಲ್ರಿ ಅಕ್ಕಾರ, ಅದು ಅಂಗಳದ ಕೆಲಸ’ ಎಂದರು. ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ‘ನಿಮ್ಮ ಮನೆಯಲ್ಲಿ ಯಾರು, ಯಾವ ಕೆಲಸವನ್ನು ಕೈಯಾರೆ ಮಾಡುತ್ತಿದ್ದರು?’ ಎಂದು ಕೇಳಿದರೆ ಕೌದಿ, ಕುಲಾಯಿ, ಶಾವಿಗೆ, ಮಣ್ಣಿನ ಎತ್ತು, ಬೀಸುವ ಪದ ಎಲ್ಲವೂ ಒಂದರ ಹಿಂದೊಂದು ಹೊರಬರುತ್ತವೆ. ಕಳೆದುಹೋಗಿದೆ ಎಂದು ನಾವು ಹುಡುಕುತ್ತಿದ್ದುದು ಎಷ್ಟೋ ಜನರಲ್ಲಿ ಕಳೆದೇ ಇರಲಿಲ್ಲ. ಅದಕ್ಕೆ ಬೇರೆ ಹೆಸರಿತ್ತು, ಅಷ್ಟೇ.

ಗುಂಪು ಕಟ್ಟುವುದು ಧಾರವಾಡಕ್ಕೆ ಹೊಸದಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರು ಇದು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಬೆಳೆದದ್ದೂ, ಗೋಕಾಕ ಮತ್ತು ಮುಗಳಿಯವರಂಥವರು ಅದರಲ್ಲಿ ಕೂಡಿದ್ದೂ ಇಲ್ಲಿಯೇ. ಆದರೆ ನಮ್ಮಂಥ ಗುಂಪಿನ ನಿಜವಾದ ಹಿರಿಯರು ಯಾರೆಂದು ಯಾರಾದರೂ ಕೇಳಿದರೆ ನಾನು ವಿಜಯಪುರ ಜಿಲ್ಲೆಯ ಹಲಸಂಗಿಯ ಕಡೆ ಕೈ ತೋರಿಸುತ್ತೇನೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. ಹಾಡಿದವರು ತಮ್ಮನ್ನು ಕವಿಗಳೆಂದು ಎಣಿಸಿಕೊಂಡಿರಲಾರರು, ನಮ್ಮ ಆಯಿಯವರು ತಮ್ಮನ್ನು ಕಲಾವಿದೆಯೆಂದು ಎಣಿಸಿಕೊಳ್ಳದಂತೆಯೇ. ಕೇಳುವವರು ಬಂದು ಎದುರಿಗೆ ಕುಳಿತರು, ಅದು ದೊಡ್ಡ ಕೆಲಸ.

ಕೇಳುವವರಾಗಿ ಕೂಡುವುದು ಸುಲಭ ಎಂದು ನಾನು ತಿಳಿದಿದ್ದೆ. ಎರಡನೆಯ ವರ್ಷ ಉತ್ಸಾಹದಿಂದ ಒಂದು ಪ್ರದರ್ಶನ ಏರ್ಪಡಿಸಿ, ಬಂದ ಕೆಲಸಗಳಲ್ಲಿ ‘ಚೆನ್ನಾಗಿರುವ’ ಹತ್ತನ್ನು ನಾನೇ ಆರಿಸಿ ಗೋಡೆಗೆ ತೂಗಿಸಿದೆ. ಮರುವಾರ ನಾಲ್ವರು ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ. ಮನೆಗೆ ಹೋಗಿ ಕರೆದಾಗ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮೊಮ್ಮಗಳ ಪರೀಕ್ಷೆ. ಯಾರೂ ಗೋಡೆಯ ಮಾತೆತ್ತಲಿಲ್ಲ. ನಾಲ್ವರಲ್ಲಿ ಇಬ್ಬರು ಇಂದಿಗೂ ಹಿಂದಿರುಗಿಲ್ಲ.

ಇದಾದ ಮೇಲೆ ನಾನು ತಿದ್ದುವುದನ್ನೇ ಬಿಟ್ಟುಬಿಟ್ಟೆ. ಬಾಲ್ಯದಲ್ಲಿ ಶಾಲೆಯ ಗುಂಪುಹಾಡಿನ ಅಭ್ಯಾಸದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಸರಿಸಿ, ‘ನೀ ಬಾಯಿ ಅಷ್ಟ ಆಡಿಸು, ದನಿ ತಗೀಬ್ಯಾಡ’ ಎಂದಿದ್ದರು. ನಲವತ್ತು ವರ್ಷ ನಾನು ಹಾಗೆಯೇ ಬಾಯಿ ಆಡಿಸಿದವಳು. ಆ ಮಾತನ್ನು ಇನ್ನೊಬ್ಬರಿಗೆ ನಾನು ಹೇಳಬಾರದು ಎಂಬ ಹಟದಲ್ಲಿ, ಯಾರು ಏನು ಮಾಡಿದರೂ ತಲೆಯಾಡಿಸಿ ಸುಮ್ಮನಿರುವುದೇ ಗುಂಪನ್ನು ನಡೆಸುವ ರೀತಿ ಎಂದುಕೊಂಡೆ. ಅದೂ ತಪ್ಪೆಂದು ತೋರಿಸಿದ್ದು ಕಸೂತಿ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ನವಿಲು, ತುಳಸಿಕಟ್ಟೆ ಮೂಡಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದೇ ನನಗೆ ಹೆಚ್ಚು ಸೋಜಿಗ. ಸೂಜಿ ಒಂದು ಹೊಲಿಗೆ ಹಾಕಿ ಒಂದನ್ನು ಬಿಟ್ಟು ಮುಂದೆ ಸಾಗುತ್ತದೆ, ಬಂದ ದಾರಿಯಲ್ಲೇ ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಕೊನೆಗೆ ಬಟ್ಟೆಯ ಎರಡೂ ಮುಖಗಳಲ್ಲಿ ಒಂದೇ ಚಿತ್ರ, ಎಲ್ಲಿಯೂ ಗಂಟಿಲ್ಲ. ಇಳಕಲ್ ಸೀರೆಯ ನಯವಾದ ನೆಲದ ಮೇಲೆ ಇದನ್ನು ಮಾಡುವವರ ಕಣ್ಣಿಗೆ ನಮಸ್ಕಾರ. ನಾವು ಕಲಿಯುವವರು ಎಳೆಗಳು ಸುಲಭವಾಗಿ ಎಣಿಕೆಗೆ ಸಿಗುವ ಮ್ಯಾಟಿ ಬಟ್ಟೆಯ ಮೇಲೆ, ಆರೆಳೆಯ ದಾರದಲ್ಲಿ ಎರಡೆಳೆ ಬಿಡಿಸಿಕೊಂಡು ಹಾಕುತ್ತೇವೆ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಒಂದು ಗೋಪುರ ಹಾಕುತ್ತಿದ್ದರು. ಹೆಂಡತಿಯನ್ನು ಬಿಡಲು ಬಂದು, ಹೊರಗೆ ಸ್ಕೂಟರಿನ ಮೇಲೆ ಕುಳಿತು ಬೇಸತ್ತು, ಕೊನೆಗೆ ಒಳಗೆ ಬಂದು ಸೂಜಿ ಹಿಡಿದವರು ಅವರು. ಬುಡದಿಂದ ಮೂರನೆಯ ಮೆಟ್ಟಿಲಲ್ಲಿ ಒಂದು ಎಳೆ ಹೆಚ್ಚು ಎಣಿಸಿದ್ದು ನನ್ನ ಕಣ್ಣಿಗೆ ಬಿತ್ತು. ನನ್ನ ವ್ರತದಂತೆ ಸುಮ್ಮನಿದ್ದೆ. ಅವರು ಮೂರು ವಾರ ಮೇಲೇರುತ್ತಾ ಹೋದರು. ನಾಲ್ಕನೆಯ ವಾರ ಎಡಗಡೆಯ ಸಾಲೂ ಬಲಗಡೆಯ ಸಾಲೂ ಶಿಖರದಲ್ಲಿ ಕೂಡಬೇಕಾದಾಗ ಕೂಡಲಿಲ್ಲ. ಕನ್ನಡಕ ತೆಗೆದು ಒರೆಸಿ, ಬೆರಳಿನಿಂದ ಎಣಿಸುತ್ತ ಕೆಳಗಿಳಿದು, ಆ ಎಳೆಯ ಮೇಲೆ ಸೂಜಿಯ ಮೊನೆ ಇಟ್ಟು ನನ್ನ ಕಡೆ ತಿರುಗಿದರು. ‘ಇದನ್ನ ನೀವು ಮೊದಲ ನೋಡಿದ್ರೇನ್ರಿ?’ ನೋಡಿದ್ದೆ ಎಂದೆ. ‘ಲೆಕ್ಕ ತಪ್ಪಿದ್ದು ಗೊತ್ತಿದ್ದೂ ಹೇಳದಿರೋದು ನಮ್ಮ ಬ್ಯಾಂಕಿನ್ಯಾಗ ಅಪರಾಧ’ ಎಂದು ನಗದೆ ಹೇಳಿ, ಮೂರು ವಾರದ ಹೊಲಿಗೆಯನ್ನು ಅಲ್ಲಿಯೇ ಕುಳಿತು ಬಿಚ್ಚಿದರು.

ಗುಂಪನ್ನು ಮುನ್ನಡೆಸುವ ಬಗ್ಗೆ ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ಆ ಒಂದು ಎಳೆಯಲ್ಲಿದೆ. ಎಣಿಕೆಯ ತಪ್ಪು ಬೇರೆ, ರುಚಿಯ ಮಾತು ಬೇರೆ. ಗೋಪುರ ಕೂಡುವುದಿಲ್ಲ ಎಂದು ಗೊತ್ತಾದ ಕೂಡಲೇ ಹೇಳಬೇಕು. ಹೇಳದೆ ಇರುವುದು ಸೌಜನ್ಯದ ವೇಷ ಹಾಕಿದ ಉಡಾಫೆ. ಆದರೆ ಗೋಪುರಕ್ಕೆ ನೇರಳೆ ಬಣ್ಣ ಯಾಕೆ, ನವಿಲಿನ ಕಾಲು ಇಷ್ಟು ದಪ್ಪ ಯಾಕೆ, ಪದ್ಯದಲ್ಲಿ ಅತ್ತೆಯನ್ನು ಬೈದದ್ದು ಯಾಕೆ ಎಂದು ಕೇಳುವ ಅಧಿಕಾರ ನನಗಿಲ್ಲ. ಎರಡರ ನಡುವಿನ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಚಿತ್ರದಲ್ಲಿ ನೆರಳು ಬೆಳಕಿನ ಕಡೆಗೇ ಬಿದ್ದಿದ್ದರೆ ಅದು ಎಣಿಕೆಯೋ ರುಚಿಯೋ? ನಾವು ಈ ಬಗ್ಗೆ ಒಂದು ಇಡೀ ಶನಿವಾರ ವಾದಿಸಿ, ಚಹಾ ಆರಿಸಿಕೊಂಡು ಎದ್ದೆವು. ಈಗ ಸಂಶಯ ಬಂದರೆ ಮೊದಲು ಕೇಳುತ್ತೇನೆ, ‘ಹೀಗೇ ಬರಲಿ ಎಂದು ಮಾಡಿದಿರೋ, ಹೀಗಾಯಿತೋ?’ ಎಂದು. ಹೆಚ್ಚಿನ ಸಲ ಅಷ್ಟು ಸಾಕಾಗುತ್ತದೆ.

ಪ್ರದರ್ಶನ ಈಗಲೂ ವರ್ಷಕ್ಕೊಮ್ಮೆ ಆಗುತ್ತದೆ, ಆದರೆ ಆಯ್ಕೆಯಿಲ್ಲ. ತಂದವರೇ ತಮಗೆ ಬೇಕಾದಲ್ಲಿ ತೂಗುಹಾಕುತ್ತಾರೆ. ಗೋಡೆ ನೋಡಲು ಅಷ್ಟೇನೂ ಅಂದವಾಗಿರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬ್ಯಾಂಕಿನ ಹಿರಿಯರು ಮಾತ್ರ ತಮ್ಮ ಗೋಪುರವನ್ನು ಗೋಡೆಗೆ ಹಾಕಲು ಒಪ್ಪುವುದಿಲ್ಲ. ಹಾಕಿದರೆ ಹಿಂಬದಿ ಕಾಣುವುದಿಲ್ಲವಲ್ಲ! ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಾರೆ, ಬಂದವರಿಗೆ ಮೊದಲು ಹಿಂಬದಿಯನ್ನೇ ತೋರಿಸುತ್ತಾರೆ.

ಕಳೆದ ಶ್ರಾವಣದಲ್ಲಿ ಒಬ್ಬರ ಜೊತೆ ಬಂದಿದ್ದ ಮೊಮ್ಮಗಳು ಎಲ್ಲರ ಕೈಗಳನ್ನೂ ನೋಡುತ್ತಾ ಒಂದು ಸುತ್ತು ಹಾಕಿ ನನ್ನ ಮುಂದೆ ನಿಂತು, ‘ಆಂಟಿ, ಎಲ್ಲಾರೂ ಏನಾರ ಮಾಡಾಕತ್ತಾರ, ನೀವೇನ್ ಮಾಡ್ತೀರಿ?’ ಎಂದು ಕೇಳಿದಳು. ನನ್ನ ಬಾಯಿಗೂ ಅದೇ ಮಾತು ಬಂತು, ನನಗೇನೂ ಬರೂದಿಲ್ಲ ಎಂದು. ಪಡಸಾಲೆಯಲ್ಲಿ ನಗೆ ಎದ್ದಿತು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವಾದ್ದರಿಂದ, ಅಜ್ಜಿಯಿಂದ ಕೇಳಿದ್ದ ಬೀಸುವ ಪದವೊಂದನ್ನು ಕಣ್ಣು ಮುಚ್ಚಿಕೊಂಡು ಹಾಡಿದೆ. ದನಿ ಎಲ್ಲೆಲ್ಲಿಗೋ ಹೋಯಿತು. ಮೂರು ಸಾಲು ಮುಗಿಸಿ ಕಣ್ಣು ತೆರೆದಾಗ ಶ್ರುತಿಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ರಂಗೋಲಿಯ ಆಯಿಯವರು ಮಾತ್ರ ಸೂಜಿಯಿಂದ ಕಣ್ಣೆತ್ತದೆ ಹೇಳಿದರು: ‘ಎರಡನೇ ಸಾಲು ಎರಡು ಸಲ ಹೇಳಬೇಕ್ರಿ ಅಕ್ಕಾರ. ನೀವು ಒಂದ ಸಲ ಹೇಳಿದ್ರಿ.’