ರಾತ್ರಿಯಿಡೀ ಯಕ್ಷಗಾನದ ಆಟ ಶೂಟ್ ಮಾಡಲು ಯಾವ ಕ್ಯಾಮೆರಾ ತಗೊಳ್ಳಲಿ?

"ಅಣ್ಣಾ, ರಾತ್ರಿಯಿಡೀ ಆಟ ಶೂಟ್ ಮಾಡೂಕೆ ಯಾವ ಕ್ಯಾಮೆರಾ ತಗೊಳ್ಳಲಿ?" ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವ ಹೊತ್ತಿಗೆ ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿ ಕಡೆಯ ಹುಡುಗರು ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಮದುವೆ, ಉಪನಯನ ಶೂಟ್ ಮಾಡಿ ಕೈ ಪಳಗಿದವರು. ಲೆನ್ಸ್ ಬದಲಿಸಬಹುದಾದ ಒಂದು ಮಿರರ್‌ಲೆಸ್ ಫೋಟೋ ಕ್ಯಾಮೆರಾ ಈಗಾಗಲೇ ಇರುತ್ತದೆ. ಅದಕ್ಕಿಂತ ದೊಡ್ಡ ಸೆನ್ಸರಿನದು ಬೇಕೇ ಎಂದು ಅವರ ಯೋಚನೆ. ನನ್ನ ಉತ್ತರ: ಬೇಡ. ಒಂದಿಂಚಿನ ಸೆನ್ಸರ್, 12ರಿಂದ 20 ಪಟ್ಟು ಜೂಮ್, ಎರಡು ಕಾರ್ಡ್ ಸ್ಲಾಟ್, ಧ್ವನಿಯ ಕೇಬಲ್ಲಿಗೆ ಎರಡು ಎಕ್ಸ್‌ಎಲ್‌ಆರ್ ಕಿಂಡಿ ಇರುವ ಕ್ಯಾಮ್‌ಕಾರ್ಡರ್ (ವಿಡಿಯೋಗೆಂದೇ ಮಾಡಿದ ಕ್ಯಾಮೆರಾ) ತಗೊಳ್ಳಿ. ಸೆಕೆಂಡ್‌ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಉಳಿದ ದುಡ್ಡನ್ನು ಧ್ವನಿಗೆ, ಬ್ಯಾಟರಿಗೆ, ಟ್ರೈಪಾಡಿಗೆ ಹಾಕಿ.

ಯಾಕೆ ಎನ್ನುವುದು ಲೆಕ್ಕದಲ್ಲೇ ಕಾಣುತ್ತದೆ. ಪ್ರೇಕ್ಷಕರ ಹಿಂದೆ, ರಂಗಸ್ಥಳದಿಂದ ಸುಮಾರು 50 ಅಡಿ, ಅಂದರೆ 15 ಮೀಟರ್ ದೂರದಲ್ಲಿ ಕ್ಯಾಮೆರಾ ನಿಲ್ಲುತ್ತದೆ ಎಂದುಕೊಳ್ಳಿ. ಹಿಮ್ಮೇಳವೂ (ಹಾಡುವ ಭಾಗವತರು, ಮದ್ದಳೆ, ಚಂಡೆಯವರು) ಸೇರಿ ಇಡೀ ರಂಗಸ್ಥಳ ಅಕ್ಕಪಕ್ಕ ಸ್ವಲ್ಪ ಜಾಗ ಬಿಟ್ಟು ಫ್ರೇಮಿನಲ್ಲಿ ಕೂರಬೇಕಾದರೆ ಏಳೂವರೆ ಮೀಟರ್ ಅಗಲ ಬೇಕು. ಫುಲ್‌ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರ್) ಲೆಕ್ಕದಲ್ಲಿ ಅದು 72 ಮಿ.ಮೀ. ಲೆನ್ಸ್. ಕಿರೀಟದಿಂದ ಎದೆಪದಕದವರೆಗಿನ ಶಾಟ್‌ಗೆ ಅಗಲ ಒಂದೂವರೆ ಮೀಟರ್, ಅದಕ್ಕೆ 360 ಮಿ.ಮೀ. ಬೇಕು. ಮದುವೆಗೆ ಕೊಂಡ 70-200 ಲೆನ್ಸ್ ಇದರ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ: 200ರಲ್ಲಿ ಸಿಗುವುದು 2.7 ಮೀಟರ್ ಅಗಲ, ಕಿರೀಟದಿಂದ ಹೆಚ್ಚುಕಡಿಮೆ ಮಂಡಿಯವರೆಗಿನ ವೇಷ. ಕಣ್ಣಿನ ಅಭಿನಯ ಹಿಡಿಯಲು ಅದು ಸಾಲದು. ಸೋನಿ ಪಿಎಕ್ಸ್‌ಡಬ್ಲ್ಯು-ಝಡ್90ರ 12 ಪಟ್ಟು ಜೂಮ್ ಅದೇ ಫುಲ್‌ಫ್ರೇಮ್ ಲೆಕ್ಕದಲ್ಲಿ 29ರಿಂದ 348ರವರೆಗೆ ಹೋಗುತ್ತದೆ, ಕ್ಯಾನನ್ ಎಕ್ಸ್‌ಎಫ್605 ಸುಮಾರು 25ರಿಂದ 382ರವರೆಗೆ, ಪ್ಯಾನಸೋನಿಕ್ ಎಜಿ-ಸಿಎಕ್ಸ್350 ಸುಮಾರು 24ರಿಂದ 490ರವರೆಗೆ. ಆಟಕ್ಕೆ ಬೇಕಾದದ್ದೆಲ್ಲ ಒಂದೇ ಲೆನ್ಸಿನಲ್ಲಿ ಮುಗಿಯುತ್ತದೆ.

ಫೋಕಸ್ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಫುಲ್‌ಫ್ರೇಮಿನಲ್ಲಿ 200 ಮಿ.ಮೀ., ಎಫ್ 2.8 ಇಟ್ಟರೆ 15 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಮೀಟರಿಗೂ ಕಡಿಮೆ. ಒಂದಿಂಚಿನ ಸೆನ್ಸರಿನಲ್ಲಿ ಅದೇ ಚೌಕಟ್ಟನ್ನು ಎಫ್ 4ರಲ್ಲಿ ಹಿಡಿದರೆ ಮೂರೂವರೆ ಮೀಟರ್ ಸಿಗುತ್ತದೆ. ವೇಷಧಾರಿ ಭಾಗವತರ ಮುಂದಿನಿಂದ ಕುಣಿಯುತ್ತ ರಂಗಸ್ಥಳದ ಅಂಚಿಗೆ ಬಂದು ಮಂಡಿ ಹಾಕಿ ತಿರುಗುವಾಗ ಈ ಮೂರೂವರೆ ಮೀಟರೇ ನಿಮ್ಮನ್ನು ಉಳಿಸುವುದು. ಮುಖ ಗುರುತಿಸುವ ಆಟೋಫೋಕಸನ್ನು ಇಲ್ಲಿ ನಂಬಬೇಡಿ. ಸ್ತ್ರೀವೇಷದ ಮುಖ ಅದಕ್ಕೆ ಸಿಗುತ್ತದೆ. ಬಣ್ಣದ ವೇಷದಲ್ಲಿ, ಅಂದರೆ ರಾಕ್ಷಸ ಪಾತ್ರಗಳಲ್ಲಿ, ಮುಖದ ಗೆರೆಗಳೆಲ್ಲ ಬಣ್ಣದಡಿ ಮುಚ್ಚಿಹೋಗಿರುವುದರಿಂದ ಕ್ಯಾಮೆರಾ ಆ ಮುಖವನ್ನು ಬಿಟ್ಟು ಹಿಂದೆ ಕೂತ ಭಾಗವತರ ಮುಖ ಹುಡುಕಿಕೊಂಡು ಹೋಗುತ್ತದೆ. ಪೂರ್ತಿ ಜೂಮ್ ಮಾಡಿ, ಕಿರೀಟದ ಮಣಿಸಾಲಿನ ಮೇಲೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಜೂಮನ್ನು ಹಿಂದಕ್ಕೆ ತನ್ನಿ. ವಿಡಿಯೋಗೆಂದೇ ಮಾಡಿದ ಜೂಮ್ ಲೆನ್ಸ್ ಹಿಂದೆ ಬಂದಾಗಲೂ ಆ ಫೋಕಸ್ ಹಿಡಿದಿಡುತ್ತದೆ. ಫೋಟೋ ಲೆನ್ಸುಗಳಲ್ಲಿ ಹೆಚ್ಚಿನವು ಜೂಮ್ ಬದಲಾದೊಡನೆ ಫೋಕಸ್ ಬಿಟ್ಟುಕೊಡುತ್ತವೆ.

ಅರ್ಧ ಗಂಟೆಗೆ ರೆಕಾರ್ಡಿಂಗ್ ನಿಲ್ಲುವ ತೊಂದರೆ ಹಳೆಯ ಫೋಟೋ ಕ್ಯಾಮೆರಾಗಳದ್ದು. ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡುವುದಕ್ಕೆ ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾದ ಸುಂಕ ಬೀಳುತ್ತಿದ್ದುದರಿಂದ ತಯಾರಕರು 29 ನಿಮಿಷ 59 ಸೆಕೆಂಡಿಗೆ ಕಟ್ಟುಹಾಕಿದ್ದರು. ಹೊಸ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಈ ಮಿತಿ ಇಲ್ಲ. ಆದರೆ ಫ್ಯಾನ್ ಇಲ್ಲದ ಸಣ್ಣ ಬಾಡಿ 4ಕೆಯಲ್ಲಿ ಗಂಟೆಗಟ್ಟಲೆ ಓಡಿದರೆ ಬಿಸಿಯಾಗುವುದು ತಪ್ಪದು. ಇರುವ ಮಿರರ್‌ಲೆಸ್ಸನ್ನು ಮಾರಬೇಡಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಬಳಿಯುವ ದೃಶ್ಯಕ್ಕೆ, ಒಡ್ಡೋಲಗದ (ವೇಷದ ಮೊದಲ ಪ್ರವೇಶ) ಪಕ್ಕದ ನೋಟಕ್ಕೆ ಅದಕ್ಕಿಂತ ಚಂದದ್ದು ಬೇರೆ ಇಲ್ಲ.

ಬೆಳಕಿಗೆ ಎರಡೇ ಮಾತು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಹಾಗಾಗಿ 25 ಅಥವಾ 50 ಫ್ರೇಮ್, ಶಟರ್ 1/50 ಇಲ್ಲವೇ 1/100. ಮೆನುವಿನಲ್ಲಿ ಎನ್‌ಟಿಎಸ್‌ಸಿ ಎಂದಿದ್ದರೆ ಪಾಲ್‌ಗೆ ಬದಲಿಸಿ. ವೈಟ್ ಬ್ಯಾಲೆನ್ಸ್, ಐರಿಸ್ (ಬೆಳಕು ಒಳಬಿಡುವ ಕಿಂಡಿ), ಗೇನ್ (ಬೆಳಕನ್ನು ಹಿಗ್ಗಿಸುವ ಮಟ್ಟ) ಮೂರನ್ನೂ ಆಟೋದಿಂದ ತೆಗೆಯಿರಿ, ಇಲ್ಲದಿದ್ದರೆ ಕಪ್ಪು ಪರದೆಯ ಮುಂದೆ ವೇಷ ಕುಣಿದಾಗಲೆಲ್ಲ ಚಿತ್ರ ಉಸಿರಾಡಿದ ಹಾಗೆ ಬೆಳಗಿ ಮಂಕಾಗುತ್ತದೆ. ಬೆಳಕು ಹೆಚ್ಚಾದ ಕಡೆ ಪರದೆಯಲ್ಲಿ ಗೆರೆ ತೋರಿಸುವ ಝೀಬ್ರಾ 95ಕ್ಕಿಟ್ಟು, ಭುಜಕೀರ್ತಿಯ ಬೇಗಡೆಯ ಮಿಂಚಿನ ಮೇಲೆ ಮಾತ್ರ ಗೆರೆ ಬರುವಷ್ಟು, ಮುಖದ ಮೇಲೆ ಬಾರದಷ್ಟು ಐರಿಸ್ ತೆರೆಯಿರಿ.

ಧ್ವನಿಗೆ ಬರೋಣ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆ ಇದು. ಇಲ್ಲಿಯ ಪ್ರೇಕ್ಷಕರು ಚಿತ್ರ ಸ್ವಲ್ಪ ಮಂಕಾದರೆ ಸಹಿಸಿಕೊಂಡಾರು, ಹೆಜ್ಜೆಗೂ ಚಂಡೆಗೂ ಹೊಂದಾಣಿಕೆ ತಪ್ಪಿದರೆ ಒಂದು ಪದ್ಯ ಮುಗಿಯುವುದರೊಳಗೆ ವಿಡಿಯೋ ಮುಚ್ಚುತ್ತಾರೆ. ಮೈಕ್‌ಸೆಟ್‌ನವರ ಹತ್ತಿರ ಆಟಕ್ಕೆ ಒಂದು ತಾಸು ಮೊದಲೇ ಹೋಗಿ ಮಿಕ್ಸರಿನ ಆಕ್ಸ್ ಅಥವಾ ರೆಕ್ ಔಟ್ ಎಂಬ ಹೊರಕಿಂಡಿಯಿಂದ ಒಂದು ಲೈನ್ ಕೇಳಿಕೊಳ್ಳಿ. ಕ್ಯಾಮೆರಾದ ಎಕ್ಸ್‌ಎಲ್‌ಆರ್ ಸ್ವಿಚ್ "ಲೈನ್" ಮೇಲಿರಬೇಕು. "ಮೈಕ್" ಮೇಲಿದ್ದರೆ ಭಾಗವತರು ಏರುಸ್ವರಕ್ಕೆ ಹೋದಾಗ ಧ್ವನಿ ಒಡೆಯುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ಜೋಡಿಸಿಕೊಡದು. ಮೈಕಿಗೆ ಕರೆಂಟು ಕೊಡುವ "+48" ಮೇಲೆ ಅಂತೂ ಇರಲೇಬಾರದು, ಮಿಕ್ಸರಿನ ಔಟ್‌ಪುಟ್ಟಿಗೆ ವೋಲ್ಟೇಜ್ ಹೊಡೆಯುತ್ತದೆ. ಜನರೇಟರಿನ ಗುಂಯ್ ಎನ್ನುವ ಸದ್ದು ಲೈನಿನಲ್ಲಿ ಸೇರಿಕೊಂಡರೆ ನಡುವೆ ಒಂದು ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಸಣ್ಣ ಡಬ್ಬಿ ಅದು, ಚೀಲದಲ್ಲಿ ಯಾವಾಗಲೂ ಇರಲಿ.

ಇಷ್ಟೇ ಸಾಲದು. ಚಂಡೆಯ ದನಿ ತಾನಾಗಿಯೇ ಗದ್ದೆಯ ಕೊನೆಯವರೆಗೆ ಕೇಳುವುದರಿಂದ ಮೈಕ್‌ಸೆಟ್‌ನವರು ಅದರ ಫೇಡರನ್ನು ಕೆಳಗೇ ಇಟ್ಟಿರುತ್ತಾರೆ. ಬಯಲಿನಲ್ಲಿ ಅದು ಸರಿಯೇ. ಆದರೆ ಲೈನಿನಿಂದ ಬಂದ ರೆಕಾರ್ಡಿಂಗಿನಲ್ಲಿ ಪದ್ಯ ಜೋರು, ಚಂಡೆ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ. ಅದಕ್ಕೇ ಎರಡನೆಯ ಮೂಲ ಬೇಕು: ರಂಗಸ್ಥಳದ ಮುಂದೆ ಸಣ್ಣ ಸ್ಟ್ಯಾಂಡಿನ ಮೇಲೆ ಒಂದು ಸ್ಟೀರಿಯೋ ರೆಕಾರ್ಡರ್. ಜೋರು ದನಿಯನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ಇರುವುದಾದರೆ ಲೆವೆಲ್ಲಿನ ಚಿಂತೆ ಕಡಿಮೆ. ಸಾಧಾರಣದ್ದಾದರೆ ಚಂಡೆಯ ಅತಿ ಜೋರಿನ ಪೆಟ್ಟು ಮೈನಸ್ 6 ಡಿಬಿ ದಾಟದಂತೆ ಇಡಿ.

ಈ ಎರಡನ್ನೂ ಎಡಿಟಿಂಗಿನಲ್ಲಿ ಸೇರಿಸುವಾಗ ಎರಡು ತೊಡಕು ಬರುತ್ತವೆ. ಒಂದು, ದೂರ. ಶಬ್ದಕ್ಕೆ 15 ಮೀಟರ್ ದಾಟಲು ಸುಮಾರು 44 ಮಿಲಿಸೆಕೆಂಡ್ ಬೇಕು, 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗಿಂತ ತುಸು ಹೆಚ್ಚು. ಕ್ಯಾಮೆರಾದ ಮೇಲಿನ ಮೈಕನ್ನು ಬಳಸುವುದಿದ್ದರೆ ಅದನ್ನು ಟೈಮ್‌ಲೈನಿನಲ್ಲಿ ಒಂದು ಫ್ರೇಮ್ (50 ಫ್ರೇಮಿನಲ್ಲಾದರೆ ಎರಡು) ಎಡಕ್ಕೆ ಎಳೆಯಿರಿ, ಇಲ್ಲದಿದ್ದರೆ ಲೈನಿನ ಜೊತೆ ಸೇರಿ ಪೆಟ್ಟಿನ ಬೆನ್ನಿಗೇ ಮಾರ್ದನಿ ಕೇಳುತ್ತದೆ. ಎರಡು, ಗಡಿಯಾರ. ಕ್ಯಾಮೆರಾದ್ದೂ ರೆಕಾರ್ಡರಿನದೂ ಬೇರೆ ಬೇರೆ ಗಡಿಯಾರ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ ಹತ್ತಿರ ಹತ್ತಿರ ಎರಡು ಫ್ರೇಮ್ ಸರಿಯುತ್ತದೆ. ಎಂಟು ತಾಸಿನ ಕೊನೆಗೆ, ಮಂಗಳಪದದ ಹೊತ್ತಿಗೆ, ಅರ್ಧ ಸೆಕೆಂಡು. ಪರಿಹಾರ ಸುಲಭ: ಪ್ರವೇಶ ಬದಲಾಗುವಲ್ಲಿ ಆಡಿಯೋ ಕತ್ತರಿಸಿ, ಪ್ರತಿ ತುಂಡನ್ನೂ ಮತ್ತೆ ಕೂಡಿಸಿ. ಗುರುತಿಗೆ ಚಂಡೆಯ ಮೊದಲ ಪೆಟ್ಟು ಸಾಕು. ವೇವ್‌ಫಾರ್ಮಿನಲ್ಲಿ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ, ಬೇರೆ ಕ್ಲ್ಯಾಪ್ ಬೇಡ.

ಕರೆಂಟನ್ನು ನೇರವಾಗಿ ಜನರೇಟರಿನಿಂದ ತೆಗೆದುಕೊಳ್ಳಬೇಡಿ. ನಡುರಾತ್ರಿ ಡೀಸೆಲ್ ಹಾಕುವಾಗಲೋ ಎರಡನೆಯ ಸೆಟ್ಟಿಗೆ ಬದಲಿಸುವಾಗಲೋ ದೀಪ ಒಮ್ಮೆ ಕಣ್ಣುಮುಚ್ಚುತ್ತದೆ. ಅಡಾಪ್ಟರನ್ನೇ ನೆಚ್ಚಿದ ಕ್ಯಾಮೆರಾ ಆ ಕ್ಷಣ ಆರಿಹೋಗುತ್ತದೆ, ಮುಚ್ಚದೆ ಉಳಿದ ಫೈಲ್ ತೆರೆಯುವುದಿಲ್ಲ. ಅಡಾಪ್ಟರ್ ಹಾಕಿದಾಗಲೂ ಬ್ಯಾಟರಿ ಒಳಗೇ ಉಳಿಯುವ ಕ್ಯಾಮೆರಾ ಆದರೆ ಚಿಂತೆಯಿಲ್ಲ. ಇಲ್ಲವಾದರೆ 98 ವ್ಯಾಟ್-ಅವರ್‌ನ ಒಂದು ವಿ-ಮೌಂಟ್ ಬ್ಯಾಟರಿ (ಹೊರಗಿನಿಂದ ಜೋಡಿಸುವ ದೊಡ್ಡ ಬ್ಯಾಟರಿ) ಕೊಳ್ಳಿ. 10 ವ್ಯಾಟ್ ತಿನ್ನುವ ಕ್ಯಾಮೆರಾವನ್ನು ಅದು ಏಳೆಂಟು ತಾಸು ನಡೆಸುತ್ತದೆ. ಎರಡಿದ್ದರೆ ಬೆಳಗಾಗುತ್ತದೆ.

ಕಾರ್ಡಿನ ಲೆಕ್ಕ: 50 ಎಂಬಿಪಿಎಸ್‌ನ (ಸೆಕೆಂಡಿಗೆ 50 ಮೆಗಾಬಿಟ್) ಎಚ್‌ಡಿ ಗಂಟೆಗೆ 22.5 ಜಿಬಿ, ಎಂಟು ತಾಸಿಗೆ 180. 100 ಎಂಬಿಪಿಎಸ್‌ನ 4ಕೆ ಅದರ ಎರಡರಷ್ಟು, 360. ನಾನು ಹೇಳುವುದು ಎಚ್‌ಡಿ 50 ಫ್ರೇಮ್, ಎರಡು 256 ಜಿಬಿ ಕಾರ್ಡ್, ಎರಡರಲ್ಲೂ ಒಟ್ಟಿಗೇ ರೆಕಾರ್ಡಿಂಗ್. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ರಿಲೇ ವ್ಯವಸ್ಥೆಯಲ್ಲಿ ಒಂದು ಕಾರ್ಡ್ ಕೆಟ್ಟರೆ ಅರ್ಧ ಪ್ರಸಂಗವೇ ಹೋಯಿತು. ಕಲಾವಿದರು ಆ ಕುಣಿತವನ್ನು ನಿಮಗಾಗಿ ಇನ್ನೊಮ್ಮೆ ಕುಣಿಯುವುದಿಲ್ಲ. ಕಾರ್ಡಿನ ವೇಗಕ್ಕೆ ವಿ30 ದರ್ಜೆ ಧಾರಾಳ ಸಾಕು, ಅದರ ಖಾತರಿಯೇ 240 ಎಂಬಿಪಿಎಸ್. ಹೊಸ ಕಾರ್ಡನ್ನು ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪರೀಕ್ಷಾ ಸಾಫ್ಟ್‌ವೇರ್ ಹಾಕಿ ಪೂರ್ತಿ ತುಂಬಿಸಿ ನೋಡಿದ ಮೇಲೆಯೇ ಕೆಲಸಕ್ಕೆ ಒಯ್ಯಿರಿ. ನಕಲಿ ಕಾರ್ಡಿನ ಮೋಸ ತಿಳಿಯುವುದು ತುಂಬಿದಾಗ ಮಾತ್ರ.

ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ತೆರೆದ ಆಕಾಶದ ಕೆಳಗೆ ಲೆನ್ಸಿನ ಗಾಜು ಸುತ್ತಲಿನ ಗಾಳಿಗಿಂತ ಬೇಗ ತಣಿಯುತ್ತದೆ, ತೇವ ಅದರ ಮೇಲೆ ಕೂರುತ್ತದೆ. ಚಿತ್ರ ನಿಧಾನವಾಗಿ ಮಂಜಾಗುವುದರಿಂದ ನಿದ್ದೆಗಣ್ಣಿಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾದ ಮೇಲೆ ಒಂದು ದೊಡ್ಡ ಕೊಡೆ ಕಟ್ಟಿದರೆ ಮುಕ್ಕಾಲು ಪಾಲು ತಪ್ಪುತ್ತದೆ. ಮೂರು ಗಂಟೆಯ ನಂತರ ಪ್ರತಿ ಅರ್ಧ ತಾಸಿಗೊಮ್ಮೆ ಟಾರ್ಚ್ ಬಿಟ್ಟು ಗಾಜು ನೋಡಿ. ಕಾರವಾರ, ಅಂಕೋಲೆಯ ಕಡಲ ಬದಿಯ ಆಟವಾದರೆ ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಟ್ರೈಪಾಡಿನ ಕಾಲು, ಕ್ಲಿಪ್ಪು, ಸ್ಕ್ರೂ ಒರೆಸಿ. ಉಪ್ಪಿನ ತೇವ ಮೊದಲು ತಿನ್ನುವುದು ಅವನ್ನೇ.

ಎಡಿಟಿಂಗ್ ಕಂಪ್ಯೂಟರ್ ಬಗ್ಗೆಯೂ ಕೇಳುತ್ತಾರೆ. 8 ಬಿಟ್ 4:2:0 ಎಚ್.264 ಫೈಲುಗಳಾದರೆ ಇರುವ ಯಂತ್ರವೇ ನಡೆಯುತ್ತದೆ. ಬಣ್ಣದ ವಿವರ ಹೆಚ್ಚಿರುವ, ಬಿಡಿಸಲು ಕಷ್ಟವಾದ 10 ಬಿಟ್ 4:2:2 ಎಚ್.265 ಆರಿಸಿಕೊಂಡವರೇ ಟೈಮ್‌ಲೈನ್ ತಡವರಿಸುತ್ತದೆ ಎಂದು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವುದು. ಎನ್‌ವಿಡಿಯಾದಲ್ಲಿ ಆ ಫೈಲನ್ನು ಹಾರ್ಡ್‌ವೇರಿನಲ್ಲೇ ಬಿಡಿಸುವ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಅದನ್ನು ಮೊದಲೇ ಮಾಡುತ್ತಿತ್ತು. ಆಟಕ್ಕೆ ಆ ಫಾರ್ಮ್ಯಾಟ್ ಬೇಕಿಲ್ಲ. ಯೂಟ್ಯೂಬಿಗೆ ಒಂದು ವಿಡಿಯೋ 12 ತಾಸು ಅಥವಾ 256 ಜಿಬಿ ಮೀರಬಾರದು. ಎಂಟು ತಾಸಿನ ಆಟವನ್ನು 12 ಎಂಬಿಪಿಎಸ್‌ಗೆ ಇಳಿಸಿದರೆ 43 ಜಿಬಿ, 50 ಎಂಬಿಪಿಎಸ್ ಅಪ್‌ಲೋಡ್ ನಿಜವಾಗಿ ಸಿಕ್ಕರೆ ಎರಡು ತಾಸಿನ ಕೆಲಸ.

ಬೆಳಿಗ್ಗೆ ಬಂದವರು ಮಲಗುವ ಮುನ್ನ ಕಾರ್ಡನ್ನು ಎಸ್‌ಎಸ್‌ಡಿಗೂ ಒಂದು ಹಾರ್ಡ್ ಡಿಸ್ಕಿಗೂ ನಕಲು ಮಾಡಲು ಹಚ್ಚಿ, ತಲಾ ಅರ್ಧ ತಾಸು ಸಾಕು. ಎದ್ದ ಮೇಲೆ ಎರಡರಲ್ಲೂ ಮೊದಲ ಫೈಲ್, ನಡುವಿನದೊಂದು, ಕೊನೆಯದು ತೆರೆದು ನೋಡಿ. ಆಮೇಲೆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.