ಫ್ಲ್ಯಾಷ್‌ಗಿಂತ ಬೆನ್ನಿನ ಚೀಲದ ಭಯ

ಮಡಿಕೇರಿಯ ಸಣ್ಣದೊಂದು ವಸ್ತುಸಂಗ್ರಹಾಲಯದಲ್ಲಿ ಬಂದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲದಲ್ಲಿ ಬರುವವರಲ್ಲಿ ಅರ್ಧದಷ್ಟು ಜನ ರಾಜಾಸೀಟಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣದೆ ಇತ್ತ ತಿರುಗಿದವರು. ಅವರ ಮೇಲೆ ನನಗೆ ಮುನಿಸಿಲ್ಲ. ಹೊರಗೆ ಮೋಡ, ಒಳಗೆ ಮಂದ ಬೆಳಕು. ಮೊಬೈಲು ತಾನಾಗಿಯೇ ಫ್ಲ್ಯಾಷ್ ಹೊಡೆಯುತ್ತದೆ. ಹೊಡೆಯಿತೆಂಬುದು ಎಷ್ಟೋ ಸಲ ತೆಗೆದವರಿಗೇ ಗೊತ್ತಿರುವುದಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವರನ್ನು ಗದರಿಸುವ ಬದಲು ಟಿಕೆಟ್ ಕೊಡುವಾಗಲೇ ಫ್ಲ್ಯಾಷ್ ಆಫ್ ಮಾಡಿಸಿಬಿಟ್ಟರೆ ಮುಕ್ಕಾಲು ಜಗಳ ಅಲ್ಲಿಯೇ ಮುಗಿಯುತ್ತದೆ.

ಬಣ್ಣ ಹಾಕಿದ ಹಳೆಯ ಬಟ್ಟೆಯ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂಬುದು ಸಂರಕ್ಷಣೆಯಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ. ನಮ್ಮಲ್ಲಿರುವ ಕೆಂಪು ರೇಷ್ಮೆಯ ಚೇಲೆಯ (ಕೊಡವರು ಸೊಂಟಕ್ಕೆ ಸುತ್ತುವ ಪಟ್ಟಿ) ಮಡಿಕೆಯೊಳಗೆ ಇಣುಕಿದರೆ ಅದರ ಮೂಲ ಬಣ್ಣ ಕಾಣುತ್ತದೆ. ಹೊರಮೈ ಇಟ್ಟಿಗೆಯ ಪುಡಿಯಂತಾಗಿದೆ. ಮಾಸಿದ್ದು ಮತ್ತೆ ಬರುವುದಿಲ್ಲ. ಆದರೆ ಆ ಪಾಪವನ್ನೆಲ್ಲ ಮೊಬೈಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕ್ಷಣದ ಮಿಂಚಿಗಿಂತ ಕಿಟಕಿಯಿಂದ ದಿನವಿಡೀ ಬೀಳುವ ಬಿಸಿಲಿನ ಪಾಲೇ ದೊಡ್ಡದು. ಫ್ಲ್ಯಾಷ್ ಬೇಡವೆನ್ನಲು ನನ್ನ ಬಳಿ ಇನ್ನೂ ಸುಲಭದ ಕಾರಣವಿದೆ. ಗಾಜಿನ ಹಿಂದಿನ ಪೀಚೆಕತ್ತಿಗೆ (ಕೊಡವರ ಸಣ್ಣ ಅಲಂಕಾರದ ಕಠಾರಿ) ಫ್ಲ್ಯಾಷ್ ಹೊಡೆದರೆ ಫೋಟೋದಲ್ಲಿ ಕತ್ತಿ ಇರುವುದಿಲ್ಲ, ಬಿಳಿ ಚುಕ್ಕೆ ಇರುತ್ತದೆ. ಮೊಬೈಲನ್ನು ಗಾಜಿಗೆ ತಾಗಿಸದೆ ಹತ್ತಿರ ಹಿಡಿದು ಸ್ವಲ್ಪ ಓರೆ ಮಾಡಿದರೆ ಹಿಡಿಯ ಬೆಳ್ಳಿ ಕೆಲಸವೂ ಸ್ಪಷ್ಟವಾಗಿ ಬರುತ್ತದೆ. ಇದನ್ನು ಹೇಳಿಕೊಟ್ಟರೆ ನಿಯಮದ ಮಾತು ಎತ್ತಬೇಕಾಗಿಯೇ ಇಲ್ಲ.

ನನಗೆ ನಿಜವಾಗಿ ಎದೆ ಹೊಡೆದುಕೊಳ್ಳುವುದು ಹಿಂದಕ್ಕೆ ಇಡುವ ಹೆಜ್ಜೆಗೆ. ಕಣ್ಣು ಪರದೆಯ ಮೇಲೆ, ಬೆನ್ನಿನಲ್ಲಿ ನೀರು ತೊಟ್ಟಿಕ್ಕುವ ಚೀಲ, ಹಿಂದೆ ಏನಿದೆಯೆಂಬ ಪರಿವೆಯಿಲ್ಲ. 2016ರಲ್ಲಿ ಲಿಸ್ಬನ್ನಿನ ಸಂಗ್ರಹಾಲಯವೊಂದರಲ್ಲಿ ಫೋಟೋ ತೆಗೆಯಲು ಹಿಂದೆ ಸರಿದ ಪ್ರವಾಸಿಗರೊಬ್ಬರು 18ನೇ ಶತಮಾನದ ಪ್ರತಿಮೆಯನ್ನು ಕೆಡವಿದ್ದರು. ಈಗ ನಾವು ಚೀಲ, ಛತ್ರಿ, ಸೆಲ್ಫಿ ಕೋಲುಗಳನ್ನು ಬಾಗಿಲಲ್ಲೇ ಇರಿಸಿಕೊಳ್ಳುತ್ತೇವೆ. ಕೆಲವರು ಗೊಣಗುತ್ತಾರೆ, ಗೊಣಗಲಿ.

"ತಾಜ್‌ಮಹಲಿನಲ್ಲೇ ಬಿಡುತ್ತಾರೆ, ನಿಮ್ಮದೇನು?" ಎಂದು ವಾದಿಸುವವರೂ ಇದ್ದಾರೆ. 2018ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳಲ್ಲಿ ಛಾಯಾಗ್ರಹಣದ ನಿರ್ಬಂಧ ಸಡಿಲಿಸಿದಾಗಲೂ ಅಜಂತಾದ ಗುಹೆಗಳನ್ನೂ ತಾಜ್‌ಮಹಲಿನ ಗೋರಿಯ ಒಳಭಾಗವನ್ನೂ ಹೊರಗಿಟ್ಟಿತ್ತು ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ನಮ್ಮ ನಿಯಮಗಳ ಬೋರ್ಡಿನಲ್ಲಿ ಇಲ್ಲದ ಒಂದು ತಕರಾರು ಕಳೆದ ವರ್ಷ ಎದುರಾಯಿತು. ಹಿಂದೆ ನೆರಿಗೆ ಬರುವಂತೆ ಕೊಡವ ಶೈಲಿಯಲ್ಲಿ ಸೀರೆಯುಟ್ಟ ಹಿರಿಯರೊಬ್ಬರು ಒಡಿಕತ್ತಿಯ (ಕೊಡವರ ಅಗಲ ಅಲಗಿನ ಯುದ್ಧಗತ್ತಿ) ಮುಂದೆ ನಿಂತಿದ್ದರು. ನಾಲ್ಕೈದು ಯುವಕರು ಕತ್ತಿಯನ್ನು ಬಿಟ್ಟು ಅವರ ಬೆನ್ನಿನ ಫೋಟೋ ತೆಗೆಯತೊಡಗಿದರು. ಅವರು ತಿರುಗಿ, "ನನ್ನನ್ನು ನೋಡಲು ಬೇರೆ ಟಿಕೆಟ್ ಮಾಡಿಸಿದ್ದೀರಾ ಮಕ್ಕಳೇ?" ಎಂದರು. ಹುಡುಗರು ಪೆಚ್ಚಾಗಿ ಕ್ಷಮೆ ಕೇಳಿದರು. ಆಮೇಲೆ ಅವರೇ ಸೆರಗು ಸರಿಮಾಡಿಕೊಂಡು ಎಲ್ಲರ ನಡುವೆ ನಿಂತರು, ಫೋಟೋ ನನ್ನಿಂದಲೇ ತೆಗೆಸಿದರು. ಜನರ ಫೋಟೋ ತೆಗೆಯುವ ಮೊದಲು ಕೇಳಿ ಎಂಬ ಸಾಲನ್ನು ಮರುವಾರ ಸೇರಿಸಿದೆವು. ಗೋಡೆಯಲ್ಲಿ ವಸ್ತುಗಳಿಗಿಂತ ಬೋರ್ಡುಗಳೇ ಹೆಚ್ಚಾಗುತ್ತಿವೆ ಎಂಬುದು ನಮ್ಮ ಮೇಲಧಿಕಾರಿಗಳ ಆಕ್ಷೇಪ.